ರೋಗ ಬದುಕಿಗೆ ಎಷ್ಟು ಅಡ್ಡ ಬರುತ್ತಿದೆ? ಪ್ರಶ್ನಾವಳಿಯನ್ನು ಕನ್ನಡಕ್ಕೆ ಒಗ್ಗಿಸುವ ಬಗೆ

ರೋಗವು ಬದುಕಿಗೆ ಎಷ್ಟು ಅಡ್ಡ ಬರುತ್ತಿದೆ ಎಂದು ಅಳೆಯಲು ಕೆನಡಾದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಡೆವಿನ್ಸ್ ರೂಪಿಸಿದ ‘ಇಲ್‌ನೆಸ್ ಇಂಟ್ರೂಸಿವ್‌ನೆಸ್ ರೇಟಿಂಗ್ಸ್ ಸ್ಕೇಲ್’ ಎಂಬ ಪ್ರಶ್ನಾವಳಿಯಲ್ಲಿ ಬದುಕಿನ 13 ಕ್ಷೇತ್ರಗಳಿವೆ: ಊಟ, ಕೆಲಸ, ಹಣಕಾಸು, ದಾಂಪತ್ಯ, ಧಾರ್ಮಿಕ ಆಚರಣೆ ಹೀಗೆ. ಪ್ರತಿಯೊಂದಕ್ಕೂ 1ರಿಂದ 7 ಅಂಕ (1 ಎಂದರೆ ಅಡ್ಡಿ ತೀರಾ ಕಡಿಮೆ, 7 ಎಂದರೆ ತುಂಬಾ ಹೆಚ್ಚು), ಒಟ್ಟು 13ರಿಂದ 91.

ಮೊದಲು ಹಕ್ಕುದಾರರ ಅನುಮತಿ ಪಡೆಯಿರಿ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಲಿ. ಎರಡನ್ನೂ ಹೊಂದಿಸಿ ಒಂದು ಪ್ರತಿ ಮಾಡಿ. ಮೂಲವನ್ನು ನೋಡಿರದ ಇನ್ನಿಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸಲಿ. ಅದು ಮೂಲಕ್ಕೆ ಹೊಂದಿತೆಂದು ಬೀಗಬೇಡಿ, ರೋಗಿಗೆ ಅರ್ಥವಾಗದ ಗ್ರಾಂಥಿಕ ಕನ್ನಡವೂ ಇಂಗ್ಲಿಷಿಗೆ ಸಲೀಸಾಗಿ ಹಿಂದಿರುಗುತ್ತದೆ. ನಿಜವಾದ ಪರೀಕ್ಷೆ 30–40 ರೋಗಿಗಳ ಮುಂದೆ. ‘ಈ ಪ್ರಶ್ನೆ ಏನು ಕೇಳ್ತಿದೆ ಅಂತ ನಿಮ್ಮ ಮಾತಲ್ಲೇ ಹೇಳಿ’ ಎನ್ನಿ. ಕಲಬುರಗಿ, ಮಂಗಳೂರು, ಮೈಸೂರು ಕಡೆಯವರೂ ಇರಲಿ.

ಹೆಚ್ಚು ಎಡವುವುದು ದಾಂಪತ್ಯ, ಲೈಂಗಿಕ ಜೀವನದ ಪ್ರಶ್ನೆಗಳಲ್ಲಿ. ಡಯಾಲಿಸಿಸ್ ಹಾಸಿಗೆಯ ಪಕ್ಕ ಮಗನೋ ಸೊಸೆಯೋ ಕೂತಿದ್ದರೆ ಉತ್ತರ ‘1’ ಅಥವಾ ಮೌನ. ಪ್ರತ್ಯೇಕ ಜಾಗ ಬೇಕು, ಮಹಿಳೆಯರನ್ನು ಮಹಿಳೆಯರೇ ಕೇಳಬೇಕು. ‘ಅನ್ವಯಿಸದು’ ಮತ್ತು ‘ಉತ್ತರಿಸಲಿಲ್ಲ’ ಎರಡಕ್ಕೂ ಬೇರೆ ಗುರುತು ಹಾಕಿ. ಬೆರೆತರೆ ಆಮೇಲೆ ಬಿಡಿಸಲಾಗದು. ಓದುಬರಹ ಬಾರದವರಿಗೆ ಏಳು ಮೆಟ್ಟಿಲಿನ ಚಿತ್ರದ ಕಾರ್ಡ್ ತೋರಿಸಿ, ಇಲ್ಲವಾದರೆ 1, 4, 7 ಬಿಟ್ಟು ಬೇರೆ ಅಂಕ ಬರುವುದೇ ಅಪರೂಪ.

ಮುಖ್ಯ ಅಧ್ಯಯನಕ್ಕೆ 200ಕ್ಕೂ ಹೆಚ್ಚು ಮಂದಿ ಇರಲಿ. ಕ್ರೋನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂಬ ಅಳತೆ) 0.70ಕ್ಕಿಂತ ಮೇಲಿರಬೇಕು; 0.95 ದಾಟಿದರೆ ಪ್ರಶ್ನೆಗಳು ಒಂದನ್ನೇ ಮತ್ತೆಮತ್ತೆ ಕೇಳುತ್ತಿವೆಯೇ ನೋಡಿ. ಉತ್ತರಗಳು ಸ್ಥಿರವೇ ಎಂದು ತಿಳಿಯಲು ಎರಡು ವಾರದ ನಂತರ, ಆರೋಗ್ಯಸ್ಥಿತಿ ಬದಲಾಗದವರನ್ನಷ್ಟೇ ಮತ್ತೆ ಕೇಳಿ. ಕೊನೆಗೆ ಅಂಶ ವಿಶ್ಲೇಷಣೆಯಿಂದ (ಯಾವ ಪ್ರಶ್ನೆಗಳ ಉತ್ತರಗಳು ಒಟ್ಟಿಗೆ ಗುಂಪಾಗುತ್ತವೆ ಎಂದು ನೋಡುವ ಲೆಕ್ಕ) ಎರಡೂ ಭಾಷೆಗಳ ರಚನೆ ಹೋಲಿಸಿ. ಅಂಶಭಾರಗಳು (ಪ್ರಶ್ನೆಗೂ ಅದರ ಗುಂಪಿಗೂ ಇರುವ ನಂಟಿನ ಬಲ) ಸಮವಿದ್ದೂ ಇಂಟರ್‌ಸೆಪ್ಟ್‌ಗಳು (ಪ್ರಶ್ನೆಗೆ ಬರುವ ಅಂಕದ ಆರಂಭಮಟ್ಟ) ಬೇರೆಯಾದರೆ, ಕನ್ನಡ ರೋಗಿಗಳ ಸರಾಸರಿಯನ್ನು ಕೆನಡಾದವರ ಸರಾಸರಿಯೊಂದಿಗೆ ಹೋಲಿಸಬೇಡಿ.