ಕರೆಂಟ್ ಕೊಟ್ಟ ಮೇಲೆ ಎಲ್ಲಿ ಗಟ್ಟಿಯಾಗುತ್ತದೆ? ನನ್ನ ನೋಟ್‌ಬುಕ್‌ನ ಅನುಭವ

"ಮೇಡಂ, ಗಂಟು ವಾಪಸ್ ಬಂದಿದೆ." ಹುಣಸೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಅಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಹೀಗೆಂದರು. ಸ್ತನ ಕ್ಯಾನ್ಸರಿಗೆ ರೇಡಿಯೋಥೆರಪಿ, ನಮ್ಮ ರೋಗಿಗಳ ಮಾತಲ್ಲಿ ‘ಕರೆಂಟ್’, ಮುಗಿದು ಎರಡು ವರ್ಷ ಆಗಿತ್ತು. ಮುಟ್ಟಿ ನೋಡಿದೆ. ಒಂದು ಕಡೆ ಹಲಗೆಯಂತೆ ಗಟ್ಟಿ. ಸ್ಕ್ಯಾನ್ ಮಾಡಿಸಿ, ಬಯಾಪ್ಸಿಗೆ ಕಳಿಸಿದೆವು. ಕ್ಯಾನ್ಸರ್ ಅಲ್ಲ, ಫೈಬ್ರೋಸಿಸ್, ಅಂದರೆ ಕರೆಂಟ್ ಬಿದ್ದ ಜಾಗ ನಾರುಗಟ್ಟಿ ಬಿಗಿಯಾಗುವುದು. ಆದರೆ ರಿಪೋರ್ಟ್ ಬರುವವರೆಗೆ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಹೀಗಾಗಬಹುದು ಅಂತ ನಾನು ಮೊದಲೇ ಹೇಳಬಹುದಿತ್ತು, ಅಲ್ವಾ?

ಆ ವಾರವೇ ಒಂದು ನೋಟ್‌ಬುಕ್ ಶುರು ಮಾಡಿದೆ. ಚಿಕಿತ್ಸೆಗೆ ಮೊದಲೇ ಒಬ್ಬೊಬ್ಬರಿಗೂ ಒಂದು ಪುಟ. ಸ್ತನದ ಗಾತ್ರ, ಆಪರೇಷನ್ ಜಾಗದಲ್ಲಿ ರಕ್ತ ಕಟ್ಟಿತ್ತೇ, ಕೀವಾಗಿತ್ತೇ, ಕೀಮೋ ಆಗಿದೆಯೇ, ಬೂಸ್ಟ್ (ಕ್ಯಾನ್ಸರ್ ಮರಳದಿರಲಿ ಅಂತ ಗಂಟಿದ್ದ ಜಾಗಕ್ಕೆ ಕೊಡುವ ಹೆಚ್ಚುವರಿ ಡೋಸ್) ಇದೆಯೇ. ಕೆಳಗೆ ನನ್ನ ಅಂದಾಜು: ಮೆತ್ತಗಿರುತ್ತೆ, ಸ್ವಲ್ಪ ಬಿಗಿ, ಜಾಸ್ತಿ ಬಿಗಿ. ಆಮೇಲೆ ತಿದ್ದಬಾರದು ಅಂತ ಪೆನ್ನಿನಲ್ಲೇ ಬರೆದೆ.

ಮೊದಲ ವರ್ಷ ಎರಡು ತಪ್ಪು ಮಾಡಿದೆ. ಆರು ತಿಂಗಳಿಗೇ ಮುಟ್ಟಿ ನೋಡಿ "ಏನೂ ಇಲ್ಲ" ಅಂತ ಬರೆದುಬಿಟ್ಟೆ. ಫೈಬ್ರೋಸಿಸ್ ನಿಧಾನವಾಗಿ ಬರುತ್ತದೆ. ಗಾಯ ಮಾಯಿಸಲು ಬಂದ ಜೀವಕೋಶಗಳು ಕೆಲಸ ಮುಗಿದ ಮೇಲೂ ಕೊಲಾಜೆನ್ ನಾರು ನೇಯುತ್ತಲೇ ಇರುತ್ತವೆ. ಅದು ಕೈಗೆ ಸಿಗಲು ಎಷ್ಟೋ ಸಲ ವರ್ಷಗಳೇ ಬೇಕು. ಎರಡನೆಯದು, ಚಿಕಿತ್ಸೆಗೆ ಮೊದಲು ಮುಟ್ಟಿ ನೋಡಿ ಬರೆದಿಟ್ಟಿರಲಿಲ್ಲ. ಹಾಗಾಗಿ ಆಪರೇಷನ್ನಿನಿಂದ ಬಂದ ಗಟ್ಟಿಯನ್ನೂ ಕರೆಂಟಿನ ಲೆಕ್ಕಕ್ಕೆ ಹಾಕಿದ್ದೆ. ಆಮೇಲಿಂದ ಮೊದಲ ದಿನವೇ ಚಿತ್ರ ಬರೆದು ಗುರುತು ಮಾಡತೊಡಗಿದೆ. ನನ್ನ ಅಂದಾಜು ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರು ಕೂಡ ಪರೀಕ್ಷಿಸಿ ಬರೆಯುತ್ತಿದ್ದರು.

ಪುಟಗಳು ತುಂಬಿದಂತೆ ನನ್ನ ಗಮನ ಹಾಟ್ ಸ್ಪಾಟ್‌ಗಳ ಕಡೆ ಹೋಯಿತು. ಅಂದರೆ ಡೋಸ್ ಜಾಸ್ತಿ ಬೀಳುವ ಜಾಗಗಳು; ಚಿಕಿತ್ಸೆಯ ಕಂಪ್ಯೂಟರ್ ಪ್ಲಾನಿನಲ್ಲಿ ಕೆಂಪಾಗಿ ಕಾಣುತ್ತವೆ. ಕಿರಣಗಳು ಎರಡು ಬದಿಯಿಂದ ಬರುತ್ತವೆ. ಸ್ತನ ದೊಡ್ಡದಿದ್ದರೆ ಅವು ಹೆಚ್ಚು ದೂರ ಸಾಗಬೇಕು. ನಡುವೆ ಸಾಕಷ್ಟು ಡೋಸ್ ಸಿಗಲಿ ಅಂದರೆ ಅಂಚಿನಲ್ಲಿ ಜಾಸ್ತಿ ಬೀಳುತ್ತದೆ. ನಾವು ಕೊಡುವುದು 15 ಸಲಕ್ಕೆ ಒಟ್ಟು 40 ಗ್ರೇ (ಕಿರಣದ ಡೋಸ್ ಅಳೆಯುವ ಮಾನ). ಬ್ರಿಟನ್ನಿನ ‘ಸ್ಟಾರ್ಟ್’ ಎಂಬ ಸ್ತನ ರೇಡಿಯೋಥೆರಪಿ ಅಧ್ಯಯನಗಳ 10 ವರ್ಷದ ಫಲಿತಾಂಶ 2013ರಲ್ಲಿ ಬಂತು. ಹಳೆಯ 25 ಸಲದ 50 ಗ್ರೇಗಿಂತ ಇದರಲ್ಲಿ ಸ್ತನ ಕುಗ್ಗುವುದು ಕಡಿಮೆ ಎಂದು ಅದರಲ್ಲಿ ಕಂಡಿತ್ತು. ಆದರೆ ಒಂದು ಜಾಗದಲ್ಲಿ ಶೇ. 10 ಜಾಸ್ತಿ ಬಿದ್ದರೆ? ಅಲ್ಲಿ ಒಟ್ಟು 44 ಗ್ರೇ. ಒಂದು ಸಲದ ಡೋಸ್ ಕೂಡ 2.67ರಿಂದ 2.93ಕ್ಕೆ ಏರುತ್ತದೆ. ಆಲ್ಫಾ-ಬೀಟಾ (ಒಂದು ಸಲದ ಡೋಸ್ ಏರಿದರೆ ಅಂಗಾಂಶಕ್ಕೆ ಎಷ್ಟು ಪೆಟ್ಟು ಎಂದು ಲೆಕ್ಕ ಹಾಕಲು ಬಳಸುವ ಸಂಖ್ಯೆ) 3 ಎಂದಿಟ್ಟುಕೊಂಡು, ಸಲಕ್ಕೆ 2 ಗ್ರೇಯ ಅಳತೆಗೆ ತಂದರೆ 45 ಇದ್ದದ್ದು 52 ಆಗುತ್ತದೆ. ಡೋಸ್ ಏರಿದ್ದು ಶೇ. 10, ಪರಿಣಾಮ ಏರಿದ್ದು ಶೇ. 15. ಈ ಲೆಕ್ಕ ಓದುವಾಗಲೇ ಕಲಿತಿದ್ದೆ. ಆದರೆ ಪ್ಲಾನಿನಲ್ಲಿ ಕೆಂಪು ಕಂಡಿದ್ದ ಜಾಗದಲ್ಲೇ, ಸ್ತನದ ಕೆಳಗಿನ ಮಡಿಕೆಯಲ್ಲಿ, ಎರಡು ವರ್ಷದ ಮೇಲೆ ಬೆರಳಿಗೆ ಬಿಗಿ ಸಿಕ್ಕಿದ ದಿನ ನನಗೆ ನಿಜವಾಗಿ ಅರ್ಥವಾಯಿತು. ಹುಣಸೂರಿನ ಅಮ್ಮನ ಹಳೆಯ ಪ್ಲಾನನ್ನೂ ತೆಗೆಸಿದೆ. ಅಲ್ಲೂ ಅದೇ ಕೆಂಪು.

ಈಗ ಡೋಸಿನ ಲೆಕ್ಕ ಹಾಕುವ ಫಿಸಿಸಿಸ್ಟ್ ಜೊತೆ ಕೂತು, ಸಣ್ಣ ಸಣ್ಣ ಫೀಲ್ಡ್ (ಕಿರಣ ಬೀಳುವ ಕಿಂಡಿ) ಸೇರಿಸಿ ಆ ಕೆಂಪನ್ನು ಕರಗಿಸುತ್ತೇವೆ. ಸ್ತನ ತುಂಬಾ ದೊಡ್ಡದಿದ್ದರೆ ಬೋರಲು ಮಲಗಿಸಿಯೂ ನೋಡುತ್ತೇವೆ. ಬೂಸ್ಟ್ ವಿಷಯ ಅಷ್ಟು ಸುಲಭವಲ್ಲ. ಯುರೋಪಿನ ದೊಡ್ಡ ಅಧ್ಯಯನದಲ್ಲಿ 16 ಗ್ರೇ ಬೂಸ್ಟ್ ಪಡೆದವರಲ್ಲಿ 20 ವರ್ಷಕ್ಕೆ ತೀವ್ರ ಫೈಬ್ರೋಸಿಸ್ ಶೇ. 5.2, ಪಡೆಯದವರಲ್ಲಿ ಶೇ. 1.8. ಆದರೂ ಚಿಕ್ಕ ವಯಸ್ಸಿನವರಿಗೆ ಅದನ್ನು ಬಿಡಲು ನನಗೆ ಮನಸ್ಸು ಬರುವುದಿಲ್ಲ. ಜಾಗವನ್ನಾದರೂ ಚಿಕ್ಕದಾಗಿ ಗುರುತಿಸೋಣ ಅಂತ, ಗಂಟು ತೆಗೆದ ಜಾಗ ಸ್ಕ್ಯಾನಿನಲ್ಲಿ ಕಾಣುವಂತೆ ಪುಟ್ಟ ಕ್ಲಿಪ್ ಇಡಿ ಎಂದು ಸರ್ಜನ್‌ಗಳ ಬೆನ್ನು ಹತ್ತಿದ್ದೇನೆ.

ಒಂದು ಪುಟ ಮಾತ್ರ ಮತ್ತೆ ಮತ್ತೆ ತೆರೆಯುತ್ತೇನೆ. ಚಿಕ್ಕ ಸ್ತನ, ಬೂಸ್ಟ್ ಇಲ್ಲ, ಪ್ಲಾನಿನಲ್ಲಿ ಕೆಂಪೂ ಇಲ್ಲ. "ಮೆತ್ತಗಿರುತ್ತೆ" ಅಂತ ಬರೆದಿದ್ದೆ. ಮೂರನೇ ವರ್ಷಕ್ಕೆ ಗಟ್ಟಿಯಾಗಿತ್ತು. ಫ್ರಾನ್ಸಿನ ಮಾಂಪೆಲಿಯೆ ತಂಡದ ರಕ್ತ ಪರೀಕ್ಷೆ ನೆನಪಾಗುವುದು ಇಂಥವರನ್ನು ಕಂಡಾಗ. ರಕ್ತದ ಮಾದರಿಗೆ 8 ಗ್ರೇ ಕೊಟ್ಟು, ಸಿಡಿ8 ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಎಷ್ಟು ಸಾಯುತ್ತವೆ ಎಂದು ನೋಡುತ್ತಾರೆ. ಆ ಕಣಗಳು ಯಾರಲ್ಲಿ ಜಾಸ್ತಿ ಸಾಯುತ್ತವೋ ಅವರಲ್ಲಿ ಫೈಬ್ರೋಸಿಸ್ ಕಡಿಮೆ ಎಂದು 2015ರಲ್ಲಿ ಅವರು ಪ್ರಕಟಿಸಿದ್ದರು. ನಮ್ಮಲ್ಲಿ ಆ ಪರೀಕ್ಷೆ ಇಲ್ಲ.

ಹಾಗಾಗಿ ಈಗ ಯಾವ ಪುಟವೇ ಆಗಲಿ, ಮೊದಲ ದಿನವೇ ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ: ಎರಡು ಮೂರು ವರ್ಷಕ್ಕೆ ಗಟ್ಟಿಯಾಗಬಹುದು, ಆದರೆ ಕೈಗೆ ಹೊಸದೇನಾದರೂ ಸಿಕ್ಕಿದರೆ ಕರೆಂಟಿಂದಲೇ ಇರಬೇಕು ಅಂತ ಸುಮ್ನೆ ಇರಬೇಡಿ, ಬಂದು ತೋರಿಸಿ. "ಜಾಸ್ತಿ ಬಿಗಿ" ಪುಟದವರಿಗೆ ಆ ಜಾಗವನ್ನು ಅವರ ಫೈಲಿನ ಚಿತ್ರದಲ್ಲೂ ಗುರುತು ಮಾಡಿ ಕೊಡುತ್ತೇನೆ.