ಅಡಿಕೆ ತೋಟಕ್ಕೆ ನೆರೆ ಪರಿಹಾರ: ನಾನು ಕಡತ ಸಿದ್ಧಪಡಿಸುವ ಕ್ರಮ

ಅತಿವೃಷ್ಟಿ ಪರಿಹಾರ ಸಿಗುತ್ತದೋ ಇಲ್ಲವೋ ಎಂಬುದು ಅರ್ಧ ತೀರ್ಮಾನವಾಗುವುದು ಮಳೆಗೆ ಮೊದಲೇ, ಪಹಣಿಯಲ್ಲಿ. ಉತ್ತರ ಕನ್ನಡದ ಶಿರಸಿ, ಯಲ್ಲಾಪುರ, ಅಂಕೋಲಾ ಕಡೆಯ ತೋಟಗಳಿಗೆ ನಾನು ಈ ಕೆಲಸ ಶುರುಮಾಡುವುದು ಮೇ ತಿಂಗಳಲ್ಲೇ.

ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಸಿಗುವ ಗುರುತಿನ ಸಂಖ್ಯೆಯಾದ ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರು, ಹಿಸ್ಸೆಗಳೂ ಸೇರಿವೆಯೇ ನೋಡಬೇಕು. ಬಿಟ್ಟುಹೋದ ಹಿಸ್ಸೆಯ ಹಾನಿ ಲೆಕ್ಕಕ್ಕೇ ಬರುವುದಿಲ್ಲ. ತೀರಿಕೊಂಡ ಅಜ್ಜನ ಹೆಸರಲ್ಲೇ ಪಹಣಿ ಉಳಿದಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮೊದಲು ಆಗಲಿ. ನೆರೆ ಬಂದ ಮೇಲೆ ಅದಕ್ಕೆ ಓಡಾಡಿ ಪ್ರಯೋಜನವಿಲ್ಲ.

ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಎಂಬುದರ ಮೇಲೆ ದರ ನಿಂತಿದೆ. 2022-26ರ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್. ಗದ್ದೆ ತೋಟವಾಗಿ ಎಷ್ಟೋ ವರ್ಷವಾದರೂ ಸಮೀಕ್ಷೆಯಲ್ಲಿ ಭತ್ತವೆಂದೇ ಇದ್ದರೆ ಅಡಿಕೆಯ ದರ ಸಿಗದು. 20 ಗುಂಟೆ ಅಡಿಕೆಗೆ ಬರುವುದು ಸುಮಾರು 4,550 ರೂಪಾಯಿ. 10 ಗುಂಟೆಗೆ ಲೆಕ್ಕ 2,276 ಆದರೂ ಬಹುವಾರ್ಷಿಕ ಬೆಳೆಗೆ ಕನಿಷ್ಠ ಮೊತ್ತ 2,500. ಸಣ್ಣ ಹಿಡುವಳಿಯವರು ಇದನ್ನು ಕೇಳಿ ಪಡೆಯಬೇಕು. ರಾಜ್ಯ ಸರ್ಕಾರ ಕೆಲವು ವರ್ಷ ಮೇಲೆ ಸೇರಿಸಿ ಕೊಡುತ್ತದೆ. 2025ರಲ್ಲಿ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತ್ತು.

ಹಾನಿ ಶೇ. 33 ಮುಟ್ಟದಿದ್ದರೆ ಏನೂ ಇಲ್ಲ. ಅದಕ್ಕೇ ಅಂದಾಜಿನ ಮಾತು ಬಿಟ್ಟು ಮರ ಎಣಿಸಿ. 9 ಅಡಿ ಅಂತರದಲ್ಲಿ 10 ಗುಂಟೆಗೆ ಸುಮಾರು 134 ಮರ. ಬುಡ ಕಿತ್ತ, ತುದಿ ಮುರಿದ ಮರ 45 ಇದ್ದರೆ ಮಿತಿ ದಾಟಿತು. ಬಿದ್ದ ಮರಕ್ಕೆಲ್ಲ ಸುಣ್ಣದಲ್ಲಿ ನಂಬರು ಬರೆದು, ದಿನಾಂಕ, ಅಕ್ಷಾಂಶ-ರೇಖಾಂಶ ಮೂಡುವ ಹಾಗೆ ಫೋಟೊ ತೆಗೆದಿಟ್ಟರೆ ಜಂಟಿ ಸಮೀಕ್ಷೆಗೆ ಬರುವ ಗ್ರಾಮ ಆಡಳಿತಾಧಿಕಾರಿಗೂ ತೋಟಗಾರಿಕೆಯವರಿಗೂ ಬರೆಯುವುದು ಸುಲಭ.

ಹೂಳಿನದು ಬೇರೆ ಬಾಬತ್ತು. 3 ಇಂಚಿಗಿಂತ ಹೆಚ್ಚು ಮರಳು-ಹೂಳು ಕೂತಿದ್ದರೆ ತೆಗೆಯಲು ಅದೇ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ 18,000 ರೂಪಾಯಿ. ಗುಡ್ಡ ಜರಿದು ಜಮೀನಿನ ಬಹುಭಾಗವೇ ಹೋದರೆ 47,000, ಅದೂ ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ. 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯ ಗುಡ್ಡ ಜರಿದದ್ದನ್ನು ನೋಡಿದವರಿಗೆ ಇದು ಏನೇನೂ ಸಾಲದೆಂದು ಗೊತ್ತು. ಬುಡದಲ್ಲಿ ಹೂಳು ಕೂತರೆ ಅಡಿಕೆ ಬೇರಿಗೆ ಉಸಿರು ಕಟ್ಟುತ್ತದೆ, ಪಂಚನಾಮೆಗೆ ಕಾಯುತ್ತ ಕೂರುವಂತಿಲ್ಲ. ನಾನು ಹೇಳುವುದಿಷ್ಟೆ: ಅಡಿಪಟ್ಟಿ ನೆಟ್ಟು ಏಳೆಂಟು ಕಡೆ ಫೋಟೊ ತೆಗೆಯಿರಿ, ಮರಗಳ ಬುಡ ಬಿಡಿಸಿ, ನಾಲ್ಕು ಮೂಲೆಯಲ್ಲಿ ಒಂದೊಂದು ಮಾರು ಹೂಳು ಹಾಗೇ ಇರಲಿ. ಅಳೆಯುವವರಿಗೆ ಅದು ಸಾಕು. ಬೆಳೆ ಹಾನಿಗೆ, ಹೂಳಿಗೆ ಬೇರೆ ಬೇರೆ ಅರ್ಜಿ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆಯಿರಿ.

ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ, ಸೊಸೈಟಿ ಪಾಸ್‌ಬುಕ್ಕಿಗಲ್ಲ. ಹಲವು ಖಾತೆ ಇದ್ದವರು ಯಾವುದಕ್ಕೆ ಜೋಡಣೆ ಇದೆಯೆಂದು ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಲಿ. ಸರ್ಕಾರದ ‘ಪರಿಹಾರ’ ಎಂಬ ತಂತ್ರಾಂಶದಲ್ಲಿ ಆಧಾರ್ ಸಂಖ್ಯೆ ಹಾಕಿದರೆ ಪಾವತಿಯ ಸ್ಥಿತಿ ಕಾಣುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆ ಇದರಲ್ಲಿ ಸೇರಿಲ್ಲ. ಅದು ಮಳೆಮಾಪನದ ಅಂಕಿ ನೋಡಿ ಬರುವಂಥದ್ದು.

ಅತಿಕ್ರಮಣ ಜಮೀನಿನ ತೋಟಕ್ಕೆ ಪಹಣಿ ಇಲ್ಲ, ಹಾಗಾಗಿ ಬೆಳೆ ಪರಿಹಾರವೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇಂಥ ಕುಟುಂಬಗಳು ಬಹಳ, ಈ ಅನ್ಯಾಯ ಸರಿಹೋಗಲೇಬೇಕು. ಆದರೆ ಜಾನುವಾರು ಸತ್ತದ್ದಕ್ಕೆ ಪಹಣಿಯ ಪ್ರಶ್ನೆ ಬರುವುದಿಲ್ಲ. ಹಾಲು ಕೊಡುವ ಆಕಳು, ಎಮ್ಮೆಗೆ ಅದೇ ಮಾರ್ಗಸೂಚಿಯಲ್ಲಿ 37,500 ರೂಪಾಯಿ ಇದೆ. ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಕಿವಿಯ ಓಲೆ ನಂಬರು ಬರೆಸಿಕೊಳ್ಳಿ.