ಥಂಡರ್‌ಬರ್ಡ್ ತೊಡಕು: ಕೆಟ್ಟಿರುವುದು ಪಟ್ಟಿಯೋ, ಪತ್ರವೋ?

ಕಂಪ್ಯೂಟರಿನಲ್ಲಿ ಇಮೇಲ್ ಓದಲು ಬಳಸುವ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಇನ್‌ಬಾಕ್ಸ್ ಇದ್ದಕ್ಕಿದ್ದಂತೆ ಖಾಲಿ ಕಾಣುತ್ತದೆ. ಇಲ್ಲವೇ ಒಂದು ಪತ್ರದ ಮೇಲೆ ಒತ್ತಿದರೆ ಬೇರೊಂದು ತೆರೆದುಕೊಳ್ಳುತ್ತದೆ. ಗಾಬರಿಯಲ್ಲಿ ಹೆಚ್ಚಿನವರು ಖಾತೆಯನ್ನೇ ತೆಗೆದು ಹೊಸದಾಗಿ ಸೇರಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಖಾತೆ ಪಾಪ್ (ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ) ಬಗೆಯದಾಗಿದ್ದರೆ ಪತ್ರಗಳು ಸರ್ವರ್‌ನಲ್ಲಿ ಉಳಿದಿರದೆ ನಿಮ್ಮ ಕಂಪ್ಯೂಟರ್‌ನಲ್ಲಷ್ಟೇ ಇರಬಹುದು.

ಥಂಡರ್‌ಬರ್ಡ್ ಒಂದೊಂದು ಫೋಲ್ಡರಿಗೂ ಎರಡು ಫೈಲ್ ಇಡುತ್ತದೆ. 'ಇನ್‌ಬಾಕ್ಸ್' ಎಂಬ, ಬಾಲವಿಲ್ಲದ (ಎಂದರೆ ಕೊನೆಯಲ್ಲಿ ಚುಕ್ಕಿ ಮತ್ತು ವಿಸ್ತರಣೆ ಇಲ್ಲದ) ಹೆಸರಿನ ಫೈಲಿನಲ್ಲಿ ಪತ್ರಗಳೆಲ್ಲ ಒಂದರ ಕೆಳಗೊಂದು ಇರುತ್ತವೆ. 'ಇನ್‌ಬಾಕ್ಸ್.ಎಂಎಸ್‌ಎಫ್' ಎಂಬುದು ಕಚೇರಿಯ ಆವಕ ಪುಸ್ತಕ ಇದ್ದಂತೆ, ಬರೀ ಪಟ್ಟಿ. ಪರದೆಯ ಮೇಲೆ ನಮಗೆ ಕಾಣುವುದು ಈ ಪಟ್ಟಿ. ಮೇಲೆ ಹೇಳಿದ ಎರಡೂ ತೊಂದರೆಗಳಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಇದೇ.

ನಾನು ಮೊದಲು ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ಗೆ ಹೋಗಿ 'ರಿಪೇರ್ ಫೋಲ್ಡರ್' ಕೊಡುತ್ತೇನೆ. ಅದರಿಂದ ಆಗದಿದ್ದರೆ 'ಹೆಲ್ಪ್' ಮೆನುವಿನ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟದಿಂದ, ಪತ್ರ ಮತ್ತು ಸೆಟ್ಟಿಂಗ್‌ಗಳೆಲ್ಲ ಇರುವ ಪ್ರೊಫೈಲ್ ಫೋಲ್ಡರ್ ತೆರೆದಿಟ್ಟುಕೊಂಡು ಥಂಡರ್‌ಬರ್ಡ್ ಮುಚ್ಚುತ್ತೇನೆ. ಪಾಪ್ ಖಾತೆ 'ಮೇಲ್' ಒಳಗೆ, ಪತ್ರಗಳನ್ನು ಸರ್ವರ್‌ನಲ್ಲೇ ಇಡುವ ಐಮ್ಯಾಪ್ ಖಾತೆ 'ಐಮ್ಯಾಪ್‌ಮೇಲ್' ಒಳಗೆ ಸಿಗುತ್ತದೆ. ಇಡೀ ಪ್ರೊಫೈಲನ್ನು ಬೇರೆ ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ಎಂಎಸ್‌ಎಫ್ ಫೈಲನ್ನು ಅಳಿಸುವುದು. ಮತ್ತೆ ತೆರೆದಾಗ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಕಾಲಮ್‌ಗಳ ಜೋಡಣೆ ಹೋಗುತ್ತದೆ, ಅಷ್ಟೇ ನಷ್ಟ. ಬಾಲವಿಲ್ಲದ ಫೈಲನ್ನು ಮಾತ್ರ ಅಪ್ಪಿತಪ್ಪಿಯೂ ಅಳಿಸಬೇಡಿ. ವಿಂಡೋಸ್ ಫೈಲ್ ವಿಸ್ತರಣೆಗಳನ್ನು ಮರೆಮಾಡಿದ್ದರೆ ಎರಡೂ ಒಂದೇ ಥರ ಕಂಡು ಮೋಸ ಹೋಗಬಹುದು, ಮೊದಲು ಅವು ಕಾಣುವಂತೆ ಮಾಡಿಕೊಳ್ಳಿ.

ಬಾಲವಿಲ್ಲದ ಫೈಲಿನ ಒಳಗನ್ನು ಒಮ್ಮೆ ನೋಡಿದರೆ ಇನ್ನೊಂದು ಗುಟ್ಟು ತಿಳಿಯುತ್ತದೆ. ನಕಲು ಪ್ರತಿಯನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಎಡಿಟರಿನಲ್ಲಿ ತೆರೆಯಿರಿ. ಪತ್ರದ ತಲೆಭಾಗದಲ್ಲಿ 'ಎಕ್ಸ್-ಮೊಝಿಲ್ಲಾ-ಸ್ಟೇಟಸ್' ಎಂಬ ಸಾಲಿದ್ದು ಅದರ ಮುಂದೆ ನಾಲ್ಕು ಅಂಕೆಗಳಿರುತ್ತವೆ. ಓದಿದ ಪತ್ರಕ್ಕೆ 0001. ಅದನ್ನು ಅಳಿಸಿದಿರಿ ಎನ್ನಿ, ಪತ್ರ ಅಲ್ಲಿಂದ ಕದಲುವುದಿಲ್ಲ, ಅಂಕೆ 0009 ಆಗುತ್ತದೆ. 'ಕಾಂಪ್ಯಾಕ್ಟ್' (ಅಳಿಸಿದ ಪತ್ರಗಳನ್ನು ಫೈಲಿನಿಂದ ನಿಜಕ್ಕೂ ತೆಗೆದುಹಾಕುವ ಆಜ್ಞೆ) ಮಾಡುವವರೆಗೂ ಅದು ಅಲ್ಲೇ ಜಾಗ ಹಿಡಿದು ಕೂತಿರುತ್ತದೆ. ನೂರಾರು ಪತ್ರ ಅಳಿಸಿದರೂ ಫೈಲು ಸಣ್ಣದಾಗದಿರುವುದು ಇದಕ್ಕೇ.

ಪಾಪ್ ಖಾತೆಯಲ್ಲಿ ಟ್ರ್ಯಾಶನ್ನೂ ಖಾಲಿ ಮಾಡಿದ ಮೇಲೆ ಬೇಕೆನಿಸಿದ ಪತ್ರವನ್ನು ಮರಳಿ ಪಡೆಯಲು ಇದೇ ದಾರಿ. ಥಂಡರ್‌ಬರ್ಡ್ ಮುಚ್ಚಿ, ಈ ಸಲ ನಕಲಿನಲ್ಲಲ್ಲ, ಮೂಲ ಫೈಲಿನಲ್ಲೇ ಆ ಪತ್ರದ 0009 ಅನ್ನು 0000 ಮಾಡಿ, ಉಳಿಸಿ, ಎಂಎಸ್‌ಎಫ್ ಅಳಿಸಿ, ತೆರೆಯಿರಿ. ನಾಲ್ಕು ಅಂಕೆಯ ಜಾಗಕ್ಕೆ ನಾಲ್ಕೇ ಅಂಕೆ ಇರಲಿ. ಕಾಂಪ್ಯಾಕ್ಟ್ ಆಗಿಬಿಟ್ಟಿದ್ದರೆ ಈ ದಾರಿ ಮುಚ್ಚಿದಂತೆ, ಆದ್ದರಿಂದ ಹುಡುಕಾಟ ಮೊದಲು, ಕಾಂಪ್ಯಾಕ್ಟ್ ಆಮೇಲೆ.

ಕಾಂಪ್ಯಾಕ್ಟ್ ಮಾಡುವಾಗ ಥಂಡರ್‌ಬರ್ಡ್ ಉಳಿದ ಪತ್ರಗಳನ್ನು ಪಕ್ಕದಲ್ಲಿ ಹೊಸ ಫೈಲಿಗೆ ಬರೆದು, ನಂತರ ಹಳೆಯದರ ಜಾಗಕ್ಕೆ ತಂದಿಡುತ್ತದೆ. 6 ಜಿಬಿ ಇನ್‌ಬಾಕ್ಸಿಗೆ ಡಿಸ್ಕಿನಲ್ಲಿ ಇನ್ನೂ 6 ಜಿಬಿಯಾದರೂ ಖಾಲಿ ಇರಲಿ, ಕೆಲಸ ಮುಗಿಯುವ ತನಕ ಮುಚ್ಚಬೇಡಿ. ಆಂಟಿವೈರಸ್ ಅಡ್ಡಬಂದರೂ ಇಲ್ಲಿ ಅನಾಹುತವೇ. ಒಂದು ಪತ್ರದಲ್ಲಿ ವೈರಸ್ ಕಂಡಿತೆಂದು ಅದು ಇಡೀ ಇನ್‌ಬಾಕ್ಸ್ ಫೈಲನ್ನು ಎತ್ತಿ ಬೇರೆಡೆ ಇಟ್ಟುಬಿಡಬಹುದು. ಪ್ರೊಫೈಲ್ ಫೋಲ್ಡರನ್ನು ಅದರ ತಪಾಸಣೆಯಿಂದ ಹೊರಗಿಡುವುದೇ ವಾಸಿ.

ಹುಡುಕಿದರೆ ಪತ್ರ ಸಿಗುತ್ತಿಲ್ಲ, ಆದರೆ ಫೋಲ್ಡರಿನಲ್ಲಿದೆ ಎಂದಾದರೆ ಕೆಟ್ಟಿರುವುದು ಇನ್ನೊಂದು ಪಟ್ಟಿ. ಥಂಡರ್‌ಬರ್ಡ್ ಮುಚ್ಚಿ, ಪ್ರೊಫೈಲಿನಲ್ಲಿರುವ 'ಗ್ಲೋಬಲ್-ಮೆಸೇಜಸ್-ಡಿಬಿ.ಎಸ್‌ಕ್ಯುಲೈಟ್' ಅಳಿಸಿ. ತೆರೆದಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಪತ್ರಗಳು ಹೆಚ್ಚಿದ್ದರೆ ಗಂಟೆಗಟ್ಟಲೆ ಹಿಡಿದೀತು.

ಜಿಮೇಲ್ ಖಾತೆ ಪಾಸ್‌ವರ್ಡ್ ಕೇಳುತ್ತಲೇ ಇದ್ದರೆ 'ಅಥೆಂಟಿಕೇಶನ್ ಮೆಥಡ್' ಅನ್ನು 'ಓಆತ್2' (ಗೂಗಲ್ ಪುಟದಲ್ಲೇ ಲಾಗಿನ್ ಆಗಿ ಒಪ್ಪಿಗೆ ಕೊಡುವ ವಿಧಾನ) ಮಾಡಿ, ಕುಕೀಗಳಿಗೆ ಅನುಮತಿ ಕೊಡಿ. ಇದನ್ನು ಒಳಬರುವ ಸರ್ವರಿಗೆ ಮಾಡಿ, ಹೊರಹೋಗುವ ಸರ್ವರಿಗೆ ಮಾಡಲು ಮರೆಯುವವರೇ ಹೆಚ್ಚು. ಆಗ ಪತ್ರ ಬರುತ್ತದೆ, ಹೋಗುವುದಿಲ್ಲ. ಹೊರಹೋಗುವ ಪೋರ್ಟ್ ಸಂಖ್ಯೆ, ಸಂಪರ್ಕವನ್ನು ಸುರಕ್ಷಿತಗೊಳಿಸುವ ವಿಧಾನಕ್ಕೆ ತಕ್ಕಂತಿರಬೇಕು: 'ಎಸ್‌ಎಸ್‌ಎಲ್/ಟಿಎಲ್‌ಎಸ್' ಜೊತೆ 465, 'ಸ್ಟಾರ್ಟ್‌ಟಿಎಲ್‌ಎಸ್' ಜೊತೆ 587. ಇವನ್ನು ಅದಲುಬದಲು ಮಾಡಿದರೆ ಸಂಪರ್ಕ ಸಿಗದೆ ಸುಮ್ಮನೆ ಕಾಯುತ್ತಾ ಕೂರುತ್ತದೆ.

ಲಗತ್ತಿನ ಲೆಕ್ಕವೂ ಹಲವರಿಗೆ ಒಗಟು. ಮಿತಿ 25 ಎಂಬಿ ಎಂದಿದ್ದರೂ 22 ಎಂಬಿ ಪಿಡಿಎಫ್ ತಿರುಗಿ ಬರಬಹುದು. ಕಳಿಸುವಾಗ ಫೈಲಿನ ಪ್ರತಿ ಮೂರು ಬೈಟ್ ನಾಲ್ಕು ಅಕ್ಷರವಾಗುವುದರಿಂದ ಗಾತ್ರ ಮೂರನೇ ಒಂದರಷ್ಟು ಹಿಗ್ಗುತ್ತದೆ. ನಾನು 18 ಎಂಬಿ ದಾಟಿದರೆ ಡ್ರೈವ್ ಕೊಂಡಿಯನ್ನೇ ಕಳಿಸುತ್ತೇನೆ.

ಇನ್ನು ಕನ್ನಡದ ಪತ್ರ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಪತ್ರಕ್ಕೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅದು ಸೊಟ್ಟ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಲ್ಲಿ ಶೇಖರವಾಗಿರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಹಾಗಾಗಿ ಥಂಡರ್‌ಬರ್ಡ್ ಸೆಟ್ಟಿಂಗ್ ತಡಕಿ ಫಲವಿಲ್ಲ. ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಂಡು, ಒತ್ತಕ್ಷರ ಮತ್ತು ಅರ್ಕಾವತ್ತು ಸರಿಯಾಗಿ ಕೂತಿವೆಯೇ ಎಂದು ಒಮ್ಮೆ ಓದಿ ನೋಡಿ, ಆಮೇಲೆ ಕಳಿಸಿ.